ಕೈ ಎತ್ತದವರಿಗೂ ನಿಲ್ಲುವ ವ್ಯಾನು

ಗಾಳಿ ನಿಂತ ದಿನ ನಮ್ಮ ಊರಿನಲ್ಲಿ ಅಲೆಯ ಸದ್ದು ಕೇಳುತ್ತದೆ, ಗಾಳಿ ಬೀಸುವ ದಿನ ಗಾಳಿಯದೇ ಸದ್ದು. ಅದು ಬಿಟ್ಟರೆ ಸದ್ದು ಎಂದು ಕರೆಯಬಹುದಾದದ್ದು ವ್ಯಾನಿನದು ಮಾತ್ರ. ಎರಡು ಸಣ್ಣ ಕಡಲತಡಿಯ ಪೇಟೆಗಳಿಗೆ ಸರಿಯಾಗಿ ನಡುವೆ, ಮರಳದಿಬ್ಬಗಳ ಬೆನ್ನಿಗೆ ಒರಗಿ ಕೂತ ಇಪ್ಪತ್ತೆಂಟು ಮನೆಗಳು ನಮ್ಮವು. ಒಂದು ಪೇಟೆಯಲ್ಲಿ ಆಸ್ಪತ್ರೆ, ಆಫೀಸು, ಅಂಗಡಿಸಾಲು, ಇನ್ನೊಂದರಲ್ಲಿ ಬಂದರು. ಬಸ್ಸು ನಿಂತುಹೋಗಿ ಇಪ್ಪತ್ತೇಳು ವರ್ಷವಾಯಿತು. ಅಂದಿನಿಂದ ಬೆಳಿಗ್ಗೆ ಒಂದು ಪೇಟೆಗೆ, ಮಧ್ಯಾಹ್ನದ ಮೇಲೆ ಇನ್ನೊಂದಕ್ಕೆ ಊರನ್ನು ಹೊತ್ತುಕೊಂಡು ಹೋಗಿ ಬರುವುದು ಈ ಹಳದಿ ವ್ಯಾನೇ.

ಅದಕ್ಕೆ ನಿಲ್ದಾಣ ಎಂಬುದಿಲ್ಲ. ರಸ್ತೆಯ ಬದಿಯಲ್ಲಿ ಯಾರಾದರೂ ಚೀಲ ಹಿಡಿದು ನಿಂತಿದ್ದರೆ ಅದೇ ನಿಲ್ದಾಣ. ಕೈ ಎತ್ತಬೇಕಾಗಿಲ್ಲ, ಕೂಗಬೇಕಾಗಿಲ್ಲ. ವ್ಯಾನು ಬಂದು ನಿಲ್ಲುತ್ತದೆ, ಬಾಗಿಲು ಜಾರುತ್ತದೆ, ನಿಂತವರು ತಲೆ ಎತ್ತಿಯೂ ನೋಡದೆ ಹತ್ತಿ, "ಸ್ವಲ್ಪ ಸರೀರಿ" ಅನ್ನುತ್ತಾರೆ. ವ್ಯಾನು ಖಾಲಿ ಇದ್ದರೂ ಅನ್ನುತ್ತಾರೆ, ಬಾಯಿಗೆ ಅಭ್ಯಾಸವಾಗಿದೆ. ಕಾಯುವವರನ್ನು ಬಿಟ್ಟುಹೋಗುವುದು ದೇವರಿಗೆ ಬೆನ್ನು ತೋರಿಸಿದ ಹಾಗೆ ಎಂದು ವ್ಯಾನಣ್ಣ ನಂಬಿದ್ದ. ಅವನ ವ್ಯಾನಿನಲ್ಲಿ ಕೂತು ಕೂತು ನಮಗೂ ಆ ನಂಬಿಕೆ ಅಂಟಿಕೊಂಡಿತು.

ವ್ಯಾನಣ್ಣನೆಂದರೆ ವ್ಯಾನಿನ ಮಾಲೀಕನೂ ಅವನೇ, ಓಡಿಸುವವನೂ ಅವನೇ. ಬಾಗಿಲು ಎಳೆಯುವವಳು, ಚೀಲ ಎತ್ತಿ ಇಳಿಸುವವಳು ಅವನ ತಂಗಿ. ಐವತ್ತೆರಡರ ಹೆಂಗಸು, ಊರಿಗೆಲ್ಲ ಚಿಕ್ಕಮ್ಮ. ಎಂಬತ್ತು ದಾಟಿದ, ಮೀನುಬಲೆ ಹೆಣೆಯುವ ಬಲೆಯಜ್ಜಿ ಕೂಡ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಾಳೆ. ಇಪ್ಪತ್ತೇಳು ವರ್ಷ ಚಿಕ್ಕಮ್ಮ ಬಾಗಿಲ ಪಕ್ಕದ ಮಡಚುವ ಸೀಟಿನಲ್ಲಿ ಕೂತು ಅಣ್ಣನ ಕೈಯನ್ನೇ ನೋಡಿದವಳು. ಅವನು ಗೇರು ಬದಲಿಸಿದಾಗಲೆಲ್ಲ ಅವಳ ಕೈ ಮಡಿಲ ಮೇಲಿನ ಚೀಲದ ಕೆಳಗೆ ಒಂದಿಷ್ಟು ಅಲ್ಲಾಡುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ದೇವರಿಗೆ ಹೇಳಿದ್ದಳೋ ಏನೋ.

ವ್ಯಾನಣ್ಣನ ಕಣ್ಣು ಮಂಜಾಗುತ್ತಿದೆ ಎಂದು ಊರಿಗೆ ಗೊತ್ತಾದದ್ದು ಒಂದು ಬೆದರುಬೊಂಬೆಯಿಂದ. ತಿರುವಿನ ಹೊಲದಲ್ಲಿ ಯಾರೋ ಹೊಸದಾಗಿ ನಿಲ್ಲಿಸಿದ್ದರು. ಹಳೆಯ ಕೋಟು, ತೋಳಿಗೆ ಸಿಕ್ಕಿಸಿದ ಒಂದು ಹರಕು ಚೀಲ. ವ್ಯಾನು ನಿಂತಿತು. ಚಿಕ್ಕಮ್ಮ ಬಾಗಿಲು ತೆರೆಯಲಿಲ್ಲ. ಒಳಗೆ ಹನ್ನೊಂದು ಜನರಿದ್ದೆವು. ಅವನ ಮೇಲಿನ ಮರ್ಯಾದೆಗೆ ಒಬ್ಬರೂ ತುಟಿ ಬಿಚ್ಚಲಿಲ್ಲ.

"ಬೇಗ ಹತ್ತಪ್ಪ, ಹೊತ್ತಾಯ್ತು," ಎಂದ ವ್ಯಾನಣ್ಣ ಕಿಟಕಿಯಿಂದ.

ಬೊಂಬೆ ಗಾಳಿಗೆ ಒಂದಿಷ್ಟು ವಾಲಿತು.

"ಯೋಚನೆ ಮಾಡ್ತಾ ಇದ್ದಾನೆ," ಎಂದು ನಮ್ಮ ಕಡೆ ತಿರುಗಿ ಹೇಳಿದ. ನಾವು ತಲೆಯಾಡಿಸಿದೆವು. ಇನ್ನೂ ಎರಡು ನಿಮಿಷ ಕಳೆಯಿತು. ಕೊನೆಗೆ ಚಿಕ್ಕಮ್ಮ ಮೆಲ್ಲಗೆ, "ಅಣ್ಣಾ, ಅದು ಬರಲ್ಲ," ಎಂದಳು.

"ಯಾಕೆ?"

"ಅದಕ್ಕೆ ಹೊಲದಲ್ಲೇ ಕೆಲಸ."

ಕಣ್ಣಿನ ಡಾಕ್ಟರು ದಪ್ಪ ಕನ್ನಡಕ ಕೊಟ್ಟು, ಇದನ್ನು ಹಾಕಿಕೊಂಡು ಮೂರು ತಿಂಗಳು ಓಡಿಸಬಹುದು, ಆಮೇಲೆ ಬೀಗದಕೈ ಮುಟ್ಟುವ ಹಾಗಿಲ್ಲ ಎಂದರು. ಲೈಸೆನ್ಸ್ ಇರುವ ಚಾಲಕ ಇಲ್ಲವೆಂದರೆ ವ್ಯಾನಿನ ಪರ್ಮಿಟ್ಟು ರದ್ದು, ಒಮ್ಮೆ ರದ್ದಾದರೆ ಮತ್ತೆ ಕೊಡುವುದಿಲ್ಲ ಎಂದು ಆಫೀಸಿನ ಕಾಗದ ಬಂತು. ಊರಲ್ಲಿ ಗಾಡಿ ಓಡಿಸಬಲ್ಲ ಇಬ್ಬರೂ ದೋಣಿಗೆ ಹೋಗುವವರು. ಬೆಳಗಾಗುವಾಗ ಸಮುದ್ರದಲ್ಲಿರುವವರು ರಸ್ತೆಯಲ್ಲಿರುವುದು ಹೇಗೆ? ಆ ದಿನ ವ್ಯಾನಿನಲ್ಲಿ ಎಲ್ಲರ ಮುಖವೂ ಜೋತುಬಿದ್ದಿತ್ತು.

"ನಾನು ಓಡಿಸ್ತೀನಿ," ಎಂದಳು ಚಿಕ್ಕಮ್ಮ, ಕಿಟಕಿಯ ಹೊರಗೆ ನೋಡುತ್ತ.

ಬಲೆಯಜ್ಜಿ ಒಬ್ಬಳೇ ಉತ್ತರ ಕೊಟ್ಟಿದ್ದು. "ಇಷ್ಟು ವರ್ಷ ಏನು ಮಾಡ್ತಿದ್ದೆ ಮತ್ತೆ?"

ಪಾಠಕ್ಕೆಂದು ಬೇರೆ ಡೀಸೆಲ್ ಸುಡುವುದು ಯಾಕೆಂದು ದಿನದ ಟ್ರಿಪ್ಪಿನಲ್ಲೇ ಕಲಿಕೆ ಶುರುವಾಯಿತು. ಹಿಂದೆ ಮುಂದೆ ಎಲ್ ಬೋರ್ಡು, ಮಡಚುವ ಸೀಟಿನಲ್ಲಿ ವ್ಯಾನಣ್ಣ, ಹಿಂದೆ ಹತ್ತು ಹನ್ನೆರಡು ಜನ ಗುರುಗಳು. ಇವರಲ್ಲಿ ಯಾರೂ ಜನ್ಮದಲ್ಲಿ ಸ್ಟೇರಿಂಗು ಮುಟ್ಟಿದವರಲ್ಲ. ಆದರೂ ಎಡಕ್ಕೆ ಅನ್ನುವವರು, ಬಲಕ್ಕೆ ಅನ್ನುವವರು, ಎರಡೂ ಬೇಡ ಅನ್ನುವವರು. ಚಿಕ್ಕಮ್ಮ ಎಲ್ಲರಿಗೂ ಹೂಂ ಎಂದು, ತನಗೆ ತೋಚಿದ ಹಾಗೆ ತಿರುಗಿಸುತ್ತಿದ್ದಳು. ಒಂದು ತಿಂಗಳಿಗೆ ಕೈ ಕೂತಿತು, ಎರಡನೇ ತಿಂಗಳಿಗೆ ಓಡಿಸುತ್ತಲೇ ಊರ ಸುದ್ದಿ ಹೇಳತೊಡಗಿದಳು, ಮೂರನೇ ತಿಂಗಳಿಗೆ ಯಾರು ಓಡಿಸುತ್ತಿದ್ದಾರೆಂಬುದೇ ನಮಗೆ ಮರೆತುಹೋಯಿತು. ಒಂದು ಮಾತು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಚಿಕ್ಕಮ್ಮ ಆ ವ್ಯಾನನ್ನು ಖಾಲಿಯಾಗಿ ಒಂದು ಮಾರು ದೂರವೂ ಓಡಿಸಿರಲಿಲ್ಲ.

ಪರೀಕ್ಷೆಯ ದಿನ ನಿಗದಿಯಾದದ್ದು ಗುರುವಾರ, ಗಡುವು ಮುಗಿಯಲು ಎರಡೇ ದಿನ ಬಾಕಿ. ಅಣ್ಣತಂಗಿ ಇಬ್ಬರೂ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕಣ್ಣು ಬೀಳುತ್ತದೆ ಎಂಬ ಭಯ. ಎಂದಿನಂತೆ ಬೆಳಿಗ್ಗೆ ಊರಿನವರನ್ನು ಪೇಟೆಯಲ್ಲಿ ಇಳಿಸಿ, ಮಧ್ಯಾಹ್ನ ಎಂದಿನ ಹೊತ್ತಿಗೆ ಬರುತ್ತೇವೆಂದು ಹೇಳಿ, ಕಳ್ಳರ ಹಾಗೆ ಆಫೀಸಿನ ಅಂಗಳಕ್ಕೆ ಹೋದರು. ವ್ಯಾನಣ್ಣ ಊಟದ ಡಬ್ಬಿಯ ಚೀಲ ಹಿಡಿದು ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದ.

ಪರೀಕ್ಷೆ ಮಾಡುವ ಸಾಹೇಬರು ಆ ಪೇಟೆಗೆ ಹೊಸಬರು. ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಒಂದು ರಟ್ಟು, ಅದಕ್ಕೆ ಸಿಕ್ಕಿಸಿದ ಕಾಗದ, ಕಾಗದದ ತುಂಬ ಚೌಕಗಳು. ಲಾಡ್ಜಿನ ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದರಂತೆ. ಬಂದು ನಾಲ್ಕು ತಿಂಗಳಾದರೂ ಅವರ ಜೊತೆ ಬೆರಳಲ್ಲಿ ಎಣಿಸುವಷ್ಟು ಮಾತೂ ಯಾರೂ ಆಡಿರಲಿಲ್ಲ. ವ್ಯಾನಿನಲ್ಲಿ ಚಾಲಕರ ಪಕ್ಕ ಎಂಜಿನ್ನಿನ ಮುಚ್ಚಳವೇ ಇರುವುದರಿಂದ ಅವರು ಬಾಗಿಲ ಬಳಿಯ ಮಡಚುವ ಸೀಟಿನಲ್ಲಿ ಕೂತರು.

"ಅಂಗಡಿಸಾಲು, ಆಸ್ಪತ್ರೆ ಏರು, ದೀಪಸ್ತಂಭದ ವೃತ್ತ, ವಾಪಸು ಇಲ್ಲಿಗೆ," ಎಂದರು. "ಮಾತು ಬೇಡ."

ಅಂಗಡಿಸಾಲಿನ ಮೊದಲ ಮೂಲೆಯಲ್ಲಿ ಬಲೆಯಜ್ಜಿ ಚೀಲ ಹಿಡಿದು ನಿಂತಿದ್ದಳು. ಚಿಕ್ಕಮ್ಮ ನಿಲ್ಲಿಸಬೇಕೆಂದು ಯೋಚಿಸಿದವಳೇ ಅಲ್ಲ. ಯೋಚಿಸಿದ್ದರೆ ನಿಲ್ಲಿಸುತ್ತಿರಲಿಲ್ಲ. ಚೀಲ ಕಂಡಿತು, ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು, ವ್ಯಾನು ಅಜ್ಜಿಯ ಚಪ್ಪಲಿಯ ತುದಿಗೆ ಸರಿಯಾಗಿ ನಿಂತಿತು. ಅಜ್ಜಿ ಬಾಗಿಲು ತಟ್ಟಿದಳು. ಸಾಹೇಬರು ಗಾಬರಿಯಲ್ಲಿ ತೆರೆದರು.

"ಸ್ವಲ್ಪ ಸರಿ ಮಗ. ಇದನ್ನು ಹಿಡ್ಕೋ, ಬಲೆಯ ಬೆಂಡು, ಮೆತ್ತಗೆ." ಬೆಂಡಿನ ಚೀಲ ಸಾಹೇಬರ ಕಾಲ ಮೇಲೆ ಬಂತು. "ಇವತ್ತು ಬೇಗ ಬಂದ್ಯಲ್ಲ ಚಿಕ್ಕಮ್ಮ. ಅಣ್ಣ ಎಲ್ಲಿ? ಇವನ್ಯಾರು, ಹೊಸ ಬಾಗಿಲಿನವನಾ?"

"ಅಜ್ಜಿ, ಇದು ಪರೀಕ್ಷೆ," ಎಂದರು ಸಾಹೇಬರು.

"ಏನು ಪರೀಕ್ಷೆ?"

"ಇವರಿಗೆ ವ್ಯಾನು ಓಡಿಸಲು ಬರುತ್ತೋ ಇಲ್ಲವೋ ಅಂತ."

ಅಜ್ಜಿ ಚಿಕ್ಕಮ್ಮನ ಬೆನ್ನನ್ನು ಒಂದು ಗಳಿಗೆ ನೋಡಿದಳು. "ಚೆನ್ನಾಗೇ ಓಡಿಸ್ತಾಳೆ. ಬರ್ಕೋ."

ಹಿಂದೆ ಲಾರಿಯೊಂದು ಹಾರನ್ ಹೊಡೆಯಿತು. ನಿಲ್ಲುವಂತಿರಲಿಲ್ಲ. "ಮುಂದೆ ಎಲ್ಲಿ ಜಾಗ ಸಿಗುತ್ತೋ ಅಲ್ಲಿ ನಿಲ್ಲಿಸಿ," ಎಂದರು ಸಾಹೇಬರು, "ಇವರು ಇಳೀಬೇಕು." ಚಿಕ್ಕಮ್ಮನಿಗೆ ತಾನು ಮಾಡಿದ್ದು ಆಗ ಅರಿವಾಗಿ ಬೆವರು ಬಿಟ್ಟಿತು. ಗುಂಡಿ ಮತ್ತು ದಾರದ ಅಂಗಡಿಯ ಮುಂದೆ ಜಾಗ ಸಿಕ್ಕಿತು, ನಿಲ್ಲಿಸಿದಳು, ಸಾಹೇಬರು ಬಾಗಿಲು ತೆರೆದರು. ಅಲ್ಲಿ ನಮ್ಮ ಊರಿನ ದರ್ಜಿ ಅಂಗಿ ತೊಡಿಸಿ ನೋಡುವ ಒಂದು ಬೊಂಬೆಯನ್ನು ತಬ್ಬಿಕೊಂಡು ನಿಂತಿದ್ದ. ತಲೆಯಿಲ್ಲದ, ಕಾಲಿಲ್ಲದ, ಎದೆ ಹೊಟ್ಟೆ ಮಾತ್ರದ ಬೊಂಬೆ. ಅಜ್ಜಿ ಇಳಿಯುವ ಮೊದಲೇ ದರ್ಜಿ ಹತ್ತಿದ್ದ.

"ಸ್ವಲ್ಪ ಸರೀರಿ."

"ಎಲ್ಲಿಗೆ ಸರೀಲಿ?" ಎಂದರು ಸಾಹೇಬರು.

"ಎಲ್ಲಿಗಾದ್ರೂ," ಎಂದ ದರ್ಜಿ, ಬೊಂಬೆಯನ್ನು ಅವರ ತೊಡೆಯ ಮೇಲೆ ಕೂರಿಸಿ. "ಸೊಂಟ ಹಿಡೀಬೇಡಿ, ಹತ್ತಿ ಕಿತ್ತುಬರುತ್ತೆ. ಭುಜ ಹಿಡ್ಕೊಳ್ಳಿ."

ಲಾರಿ ಮತ್ತೆ ಹಾರನ್ ಹೊಡೆಯಿತು. ಸಾಹೇಬರ ಒಂದು ಕೈ ಬೊಂಬೆಯ ಭುಜದ ಮೇಲೆ, ಇನ್ನೊಂದು ಬಾಗಿಲ ಹಿಡಿಯ ಮೇಲೆ. ರಟ್ಟನ್ನು ಬೊಂಬೆಯ ಕತ್ತಿನ ಮೇಲೆ ಇಟ್ಟುಕೊಂಡರು. ಬರೆಯಲು ಅದೇ ಅನುಕೂಲವಾಯಿತು.

"ಇದು ಪರೀಕ್ಷೆಯಂತೆ," ಎಂದು ಅಜ್ಜಿ ದರ್ಜಿಗೆ ಹೇಳಿದಳು. "ಮಾತಾಡ್ಬೇಡ."

"ನಾನೆಲ್ಲಿ ಮಾತಾಡಿದೆ?"

"ಈಗ ಆಡಿದ್ಯಲ್ಲ."

"ಅದು ನೀವು ಹೇಳಿದ್ದಕ್ಕೆ, ಅಜ್ಜಿ."

ಆಸ್ಪತ್ರೆಯ ಏರು ಬಂತು. ಸಾಹೇಬರು ಗಂಟಲು ಸರಿಮಾಡಿಕೊಂಡು, ಏರಿನ ನಡುವೆ ನಿಲ್ಲಿಸಿ ಹಿಂದೆ ಜಾರದಂತೆ ಮತ್ತೆ ಹೊರಡಬೇಕು, ಅದೂ ಪರೀಕ್ಷೆಯ ಭಾಗ ಎಂದರು. ಚಿಕ್ಕಮ್ಮ ನಿಲ್ಲಿಸಿದಳು. ನಿಲ್ಲಿಸಿದ್ದು ಹಲ್ಲಿನ ಡಾಕ್ಟರ ಮೆಟ್ಟಿಲಿನ ಎದುರಿಗೆ. ಮೆಟ್ಟಿಲ ಮೇಲೆ ನಮ್ಮ ಹಾಲಿನವ, ಕೆನ್ನೆ ಊದಿ ಬನ್ನಿನಂತಾಗಿ, ಹತ್ತಿ ಕಚ್ಚಿಕೊಂಡು, ಚೀಲ ಹಿಡಿದು ನಿಂತಿದ್ದ. ಈ ಸಲ ಯಾರೂ ಹೇಳಲಿಲ್ಲ. ಸಾಹೇಬರೇ ಬಾಗಿಲು ಜಾರಿಸಿದರು. ಜಾರಿಸಿದ ಮೇಲೆ ತಮ್ಮ ಕೈಯನ್ನು ತಾವೇ ಆಶ್ಚರ್ಯದಿಂದ ನೋಡಿಕೊಂಡರು. ಹಾಲಿನವ ಸರೀರಿ ಎಂದು ಕೈಯಲ್ಲೇ ಸನ್ನೆ ಮಾಡಿ ಹತ್ತಿದ. ವ್ಯಾನು ಬೆರಳಗಲವೂ ಹಿಂದೆ ಜಾರದೆ ಏರಿತು. ಸಾಹೇಬರು ಬೊಂಬೆಯ ಕತ್ತಿನ ಮೇಲೆ ಒಂದು ಟಿಕ್ ಹಾಕಿದರು.

"ಕೀಳಿಸ್ಕೊಂಡ್ಯಾ?" ಎಂದಳು ಅಜ್ಜಿ.

ಹಾಲಿನವ ತಲೆಯಾಡಿಸಿದ. ಮದ್ದಿನ ಸೂಜಿಗೆ ಅವನ ಅರ್ಧ ಬಾಯಿ ಮರಗಟ್ಟಿತ್ತು.

"ಬಾಯಿ ಆಡಲ್ಲ ಅಲ್ವಾ? ಒಳ್ಳೇದಾಯ್ತು." ಅಜ್ಜಿ ಸಾಹೇಬರ ಕಡೆ ತಿರುಗಿದಳು. "ಇವನ ಹಗ್ಗದ ಕತೆ ಕೇಳಿದ್ಯಾ ಮಗ?"

ಹಾಲಿನವ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದ.

"ಇಲ್ಲ," ಎಂದುಬಿಟ್ಟರು ಸಾಹೇಬರು.

"ಬಂದರುಪೇಟೇಲಿ ಒಂದು ಹಗ್ಗದಂಗಡಿ. ಅಂಗಡಿಯಾಕೆ ಒಬ್ಬಳೇ, ಗಟ್ಟಿ ಹೆಂಗಸು, ಕಣ್ಣಲ್ಲೇ ಅಳತೆ ಮಾಡ್ತಾಳೆ. ಇವನು ಒಂದು ಸೋಮವಾರ ಹೋಗಿ ಹಸು ಕಟ್ಟೋಕೆ ಹಗ್ಗ ತಂದ. ಮುಂದಿನ ಸೋಮವಾರ ಇನ್ನೊಂದು ತಂದ."

"ಎರಡು ಹಸು ಇರಬಹುದು," ಎಂದರು ಸಾಹೇಬರು, ನ್ಯಾಯವಾಗಿ.

"ನಾಲ್ಕಿವೆ. ಅದಕ್ಕೇ ನಾಲ್ಕು ವಾರ ನಾವೂ ಸುಮ್ನಿದ್ವಿ. ಐದನೇ ವಾರ ಮತ್ತೆ ಹಗ್ಗ."

"ಎಂಟನೇ ವಾರಕ್ಕೆ ಇವನ ಬಾವಿಗೆ ಮೂರು ಹಗ್ಗ," ಎಂದ ದರ್ಜಿ. "ಬೇಲಿಗೆ ಎರಡು ಸುತ್ತು. ಬಟ್ಟೆ ಒಣಗಿಸೋ ಹಗ್ಗ ಇವನ ಅಂಗಳದಲ್ಲಿ ಶುರುವಾಗಿ ನಮ್ಮನೆ ಕಿಟಕಿ ತನಕ ಬಂತು."

ಹಾಲಿನವ ಎರಡು ಬೆರಳು ಎತ್ತಿ ತೋರಿಸಿದ.

"ಬಾವಿಗೆ ಮೂರಲ್ಲ, ಎರಡು ಅಂತಾನೆ," ಎಂದಳು ಅಜ್ಜಿ. "ಆಯ್ತು, ಎರಡು. ನಿನ್ನ ಕತೆ, ನೀನು ಹೇಳಿದಷ್ಟೇ."

"ಆಕೆ ಹತ್ತಿರ ಮಾತಾಡಲಿಲ್ಲವಾ ಇವರು?" ಎಂದು ಸಾಹೇಬರು ಕೇಳಿದರು. ಬೊಂಬೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ್ದರು, ಅಜ್ಜಿಯ ಮುಖ ಕಾಣಲೆಂದು.

"ಮಾತಾಡೋಕೆ ಬಂದಿದ್ರೆ ಹಗ್ಗ ಯಾಕಪ್ಪ ಬೇಕಿತ್ತು?"

ಚಿಕ್ಕಮ್ಮನ ಭುಜ ನಗುವಿಗೆ ಕುಲುಕುತ್ತಿತ್ತು, ಕೈ ಮಾತ್ರ ಅಲ್ಲಾಡಲಿಲ್ಲ. ದೀಪಸ್ತಂಭದ ವೃತ್ತವನ್ನು ತಟ್ಟೆಯ ಅಂಚು ಒರೆಸಿದಷ್ಟು ನಯವಾಗಿ ಸುತ್ತಿದಳು. ಕೈಮರದ ಬಳಿ ನಿಧಾನ ಮಾಡಿದಳು, ಬಿಳಿ ಪಟ್ಟೆಗಳ ಮೇಲೆ ರಸ್ತೆ ದಾಟುವ ಬಾತುಗಳಿಗೂ ನಿಂತಳು. ಅಜ್ಜಿ ಹತ್ತನೇ ವಾರ ಮುಗಿಸಿ ಹನ್ನೊಂದಕ್ಕೆ ಬಂದಳು. ಆಫೀಸಿನ ಅಂಗಳದಲ್ಲಿ ಎರಡು ಬಿಳಿ ಗೆರೆಗಳ ನಡುವೆ ವ್ಯಾನು ಹಿಂದಕ್ಕೆ ಸರಿಯುತ್ತಿದ್ದಾಗ ಅಜ್ಜಿ, "ಹನ್ನೆರಡನೇ ಸೋಮವಾರ ಇವನು ಮೆಟ್ಟಿಲು ಹತ್ತಿದ. ಆಕೆ ತಕ್ಕಡಿ ಕೆಳಗಿಟ್ಟು..." ಎನ್ನುವುದಕ್ಕೂ ವ್ಯಾನು ನಿಲ್ಲುವುದಕ್ಕೂ ಸರಿಹೋಯಿತು.

ಸಾಹೇಬರು ಅಂಗಳ ನೋಡಿದರು, ಕಾಲ ಕೆಳಗಿನ ಬೆಂಡು ನೋಡಿದರು, ತೊಡೆಯ ಮೇಲಿನ ಬೊಂಬೆಯನ್ನು ನೋಡಿದರು. ಕಾಗದದಲ್ಲಿ ಎಲ್ಲ ಚೌಕಕ್ಕೂ ಟಿಕ್ ಬಿದ್ದಿತ್ತು. ಮೇಲಿನ ಸಾಲನ್ನು ಓದಿ ಅವರ ಕಿವಿ ಕೆಂಪಾಯಿತು. ಗಟ್ಟಿಯಾಗಿ ಓದಿದರು: "ಪರೀಕ್ಷೆಯ ವೇಳೆ ಅಭ್ಯರ್ಥಿ ಮತ್ತು ಪರೀಕ್ಷಕರ ಹೊರತು ವಾಹನದಲ್ಲಿ ಬೇರೆ ಯಾರೂ ಇರತಕ್ಕದ್ದಲ್ಲ."

"ಅಂದ್ರೆ?" ಎಂದಳು ಅಜ್ಜಿ.

"ಅಂದರೆ ಇದು ಲೆಕ್ಕಕ್ಕಿಲ್ಲ. ಮುಂದಿನ ಪರೀಕ್ಷೆ ಆರು ವಾರದ ಮೇಲೆ."

ಚಿಕ್ಕಮ್ಮನ ಮುಖದ ಬಣ್ಣ ಇಳಿಯಿತು. ಬೆಂಚಿನಿಂದ ಎದ್ದು ಬಂದಿದ್ದ ವ್ಯಾನಣ್ಣನಿಗೆ ಮುಖ ಕಾಣುತ್ತಿರಲಿಲ್ಲ, ಆದರೆ ಆ ಮೌನ ಕೇಳಿತು. ಶನಿವಾರಕ್ಕೆ ಪರ್ಮಿಟ್ಟು ಹೋಗುತ್ತದೆ ಎಂದು ಅವನು ಎರಡೇ ಮಾತಿನಲ್ಲಿ ಹೇಳಿದ. "ನಮಗೆ ಒಂದು ಮಾತು ಹೇಳಬಾರದಿತ್ತಾ ಚಿಕ್ಕಮ್ಮ," ಎಂದ ದರ್ಜಿ. ಹಾಲಿನವ ಏನೋ ಹೇಳಲು ಹೋಗಿ, ಆಗದೆ, ಸಾಹೇಬರಿಗೆ ಕೈ ಮುಗಿದ.

ಸಾಹೇಬರು ಗಡಿಯಾರ ನೋಡಿ, ಆ ಕಾಗದ ತೆಗೆದು ಹೊಸದೊಂದನ್ನು ರಟ್ಟಿಗೆ ಸಿಕ್ಕಿಸಿದರು. "ಊಟದ ಹೊತ್ತಿಗೆ ಇನ್ನೂ ಇಪ್ಪತ್ತೈದು ನಿಮಿಷ ಇದೆ. ಮೊದಲಿಂದ ಇನ್ನೊಂದು ಸಲ ಮಾಡೋಣ. ಎಲ್ಲರೂ ಇಳೀಬೇಕು. ಆಮೇಲೆ ದಾರಿಯಲ್ಲಿ ಯಾರು ನಿಂತಿದ್ದರೂ ನಿಲ್ಲಿಸೋ ಹಾಗಿಲ್ಲ. ಯಾರೇ ಆಗಲಿ. ನಿಲ್ಲಿಸಿದರೆ ನಾನು ಏನೂ ಮಾಡಕ್ಕಾಗಲ್ಲ."

ಎಲ್ಲರೂ ಇಳಿದರು. ಬೊಂಬೆಯೂ ಇಳಿಯಿತು.

ಖಾಲಿ ವ್ಯಾನು ಬೇರೆಯೇ ಪ್ರಾಣಿ ಎಂದು ಚಿಕ್ಕಮ್ಮನಿಗೆ ಆಗ ತಿಳಿಯಿತು. ಕ್ಲಚ್ಚು ಬಿಟ್ಟಳು, ವ್ಯಾನು ಕರುವಿನಂತೆ ಎಗರಿ ನಿಂತುಹೋಯಿತು. ಮತ್ತೆ ಬೀಗದಕೈ ತಿರುಗಿಸಿದಳು. ಮತ್ತೆ ಎಗರಿತು, ಮತ್ತೆ ನಿಂತಿತು. ಹಿಂದೆ ಯಾರೂ ಕೆಮ್ಮಲಿಲ್ಲ, ಯಾರೂ ಎಡಕ್ಕೆ ಅನ್ನಲಿಲ್ಲ. ಖಾಲಿ ಸೀಟುಗಳ ಸ್ಪ್ರಿಂಗು ಮಾತ್ರ ಕಿರ್ ಎಂದಿತು.

"ಮೂರನೇ ಸಲ ನಿಂತರೆ ಮುಗೀತು," ಎಂದರು ಸಾಹೇಬರು. ಹೇಳಲು ಅವರಿಗೂ ಇಷ್ಟವಿದ್ದಂತೆ ಕಾಣಲಿಲ್ಲ.

ಚಿಕ್ಕಮ್ಮ ಕಣ್ಣು ಮುಚ್ಚಿದಳು. ಅವಳು ದೇವರಲ್ಲಿ ಲೈಸೆನ್ಸ್ ಕೇಳಲಿಲ್ಲವಂತೆ. ಯಾರಾದರೂ ಒಬ್ಬರ ಬಾಯಲ್ಲಿ ಒಂದು ಮಾತು ಆಡಿಸಪ್ಪ, ಈ ಸದ್ದಿಲ್ಲದ್ದು ತಡೆಯಲಾಗದು ಎಂದಷ್ಟೇ ಕೇಳಿದಳಂತೆ. ದೇವರು ಸುತ್ತ ನೋಡಿರಬೇಕು. ವ್ಯಾನಿನಲ್ಲಿ ಇದ್ದದ್ದು ಸಾಹೇಬರೊಬ್ಬರೇ.

"ತಕ್ಕಡಿ ಕೆಳಗಿಟ್ಟು?" ಎಂದರು ಸಾಹೇಬರು, ಕಾಗದದಿಂದ ಕಣ್ಣೆತ್ತದೆ.

"ಏನು ಸಾರ್?"

"ಆಕೆ ತಕ್ಕಡಿ ಕೆಳಗಿಟ್ಟು ಏನು ಮಾಡಿದಳು?"

"ಕೇಳಿದಳು ಸಾರ್," ಎಂದಳು ಚಿಕ್ಕಮ್ಮ, "ನಿಮ್ಮ ಹಸು ದಿನಕ್ಕೆ ಎಷ್ಟು ಸಲ ಹಗ್ಗ ಹರೀತವೆ ಅಂತ." ವ್ಯಾನು ಹಾಲಿನ ಕೆನೆ ಜಾರಿದಂತೆ ಅಂಗಳ ದಾಟಿ ರಸ್ತೆಗಿಳಿಯಿತು.

"ಇವರು ಏನಂದರು?"

"ಏನೂ ಅನ್ನಲಿಲ್ಲ. ಹಗ್ಗನೂ ತಗೊಳ್ಳದೆ ಓಡಿಬಂದು ವ್ಯಾನು ಹತ್ತಿದ. ಆ ವಾರ ಊರಲ್ಲಿ ಹಾಲೆಲ್ಲ ನೀರು ನೀರು, ಅಷ್ಟು ಬೇಜಾರು ಅವನಿಗೆ. ಮುಂದಿನ ಸೋಮವಾರ ಆಕೆ ಅಂಗಡಿ ಮುಚ್ಚಿ, ಆ ಹಗ್ಗ ಹೆಗಲಿಗೆ ಹಾಕ್ಕೊಂಡು, ರಸ್ತೆಬದಿ ಬಂದು ನಿಂತಿದ್ದಳು. ನಾವು ನಿಲ್ಲಿಸಿದ್ವಿ. ಹತ್ತಿ, ಹಗ್ಗ ಬಿಟ್ಟುಹೋದವರ ಮನೆ ಮುಂದೆ ಇಳಿಸಿ ಅಂದಳು."

"ಹೆಸರು ಹೇಳಲಿಲ್ಲವಾ?"

"ಯಾಕೆ ಹೇಳ್ಬೇಕು ಸಾರ್? ವ್ಯಾನಲ್ಲಿ ಹದಿಮೂರು ಜನ. ತಂತಮ್ಮ ಮನೆ ಬಂದ್ರೂ ಒಬ್ಬರೂ ಇಳೀಲಿಲ್ಲ."

ಸಾಹೇಬರು ಬಾಯಿಗೆ ಕೈ ಅಡ್ಡ ಹಿಡಿದರು. ಅಂಗಡಿಸಾಲು ಕಳೆಯಿತು. ಒಬ್ಬ ಹೆಂಗಸು ಚೀಲ ಹಿಡಿದು ನಿಂತಿದ್ದಳು, ನಮ್ಮ ಊರಿನವಳಲ್ಲ. ಚಿಕ್ಕಮ್ಮನ ಕಾಲು ಬ್ರೇಕಿನ ಕಡೆ ಹೋಗಲಿಲ್ಲ. ಏರಿನಲ್ಲಿ ನಿಲ್ಲಿಸಿ ಹೊರಟಳು. ವೃತ್ತ ಸುತ್ತಿದಳು. ಬಾತುಗಳು ಈಗ ಆ ಕಡೆಯಿಂದ ಈ ಕಡೆಗೆ ದಾಟುತ್ತಿದ್ದವು, ಅವಕ್ಕೆ ನಿಲ್ಲಬಹುದೋ ಎಂದು ಕೇಳಿದಳು, ಬಾತು ಪ್ರಯಾಣಿಕರಲ್ಲ ಎಂದರು ಸಾಹೇಬರು.

"ಅವನ ಮನೆ ಮುಂದೆ ಇಳಿದಳು. ಬಾವಿ, ಬೇಲಿ, ಅಂಗಳ, ಎಲ್ಲಿ ನೋಡಿದ್ರೂ ಅವಳದೇ ಅಂಗಡಿ ಹಗ್ಗ. ಒಂದೊಂದನ್ನೂ ಮುಟ್ಟಿ ನೋಡ್ತಾ ಬಾಗಿಲ ತನಕ ಹೋದಳು. ಇವನು ಹಾಲಿನ ಚೊಂಬು ಹಿಡ್ಕೊಂಡು ಕಂಬದ ಹಾಗೆ ನಿಂತಿದ್ದ. ಆಕೆ ಅವನ ಮುಖ ನೋಡಿ..."

ಚಿಕ್ಕಮ್ಮನ ಮಾತು ಅಲ್ಲಿಗೇ ನಿಂತಿತು.

ಆಫೀಸಿಗೆ ತಿರುಗುವ ಮುಂಚಿನ ನೇರ ರಸ್ತೆ. ಅದರ ಬದಿಯಲ್ಲಿ ವ್ಯಾನಣ್ಣ ನಿಂತಿದ್ದ. ಒಬ್ಬನೇ, ದಪ್ಪ ಕನ್ನಡಕ, ಕೈಯಲ್ಲಿ ಊಟದ ಡಬ್ಬಿಯ ಚೀಲ. ಕೈ ಎತ್ತಿರಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ತಲೆ ಒಂದಿಷ್ಟು ವಾಲಿಸಿ, ವ್ಯಾನಿನ ಸದ್ದು ಬರುವ ದಿಕ್ಕಿಗೆ ಮುಖ ಮಾಡಿದ್ದ. ಇಪ್ಪತ್ತೇಳು ವರ್ಷದಲ್ಲಿ ಈ ವ್ಯಾನು ಚೀಲ ಹಿಡಿದವರೊಬ್ಬರನ್ನೂ ದಾಟಿ ಹೋಗದಂತೆ ನೋಡಿಕೊಂಡವನು ಅವನು.

ಚಿಕ್ಕಮ್ಮನ ಕಾಲು ಬ್ರೇಕಿನ ಮೇಲೆ ಬಂತು. ಸಾಹೇಬರು ಅದನ್ನು ನೋಡಿದರು. ಅವರ ಪೆನ್ನು ಕಾಗದದಿಂದ ಎದ್ದು ಗಾಳಿಯಲ್ಲಿ ನಿಂತಿತು.

ಅವಳು ಕಾಲು ತೆಗೆದಳು. ಎರಡನೇ ಗೇರಿನಿಂದ ಮೂರಕ್ಕೆ ಹಾಕಿದಳು. ಅಣ್ಣನ ಅಂಗಿಯ ತುದಿ ವ್ಯಾನಿನ ಗಾಳಿಗೆ ಎದ್ದು ಕೂತದ್ದು ಕನ್ನಡಿಯಲ್ಲಿ ಕಂಡಿತು, ಆಮೇಲೆ ಕಣ್ಣಲ್ಲಿ ನೀರು ತುಂಬಿ ಕನ್ನಡಿಯೂ ಕಾಣಲಿಲ್ಲ.

"ಒರೆಸ್ಕೊಳ್ಳಿ, ತಿರುವು ಬರ್ತಿದೆ," ಎಂದರು ಸಾಹೇಬರು. ಸ್ವಲ್ಪ ಹೊತ್ತಾದ ಮೇಲೆ, "ಅವರು ನಿಮ್ಮಣ್ಣ ಅಲ್ವಾ?"

"ಹೌದು ಸಾರ್."

ಅಂಗಳಕ್ಕೆ ಬಂದರು. ಬಿಳಿ ಗೆರೆಗಳ ನಡುವೆ ವ್ಯಾನು ಹಿಂದಕ್ಕೆ ಸರಿದು ನಿಂತಿತು.

"ಒಂದೂ ಸರಿಯಾಗಿ ಕಟ್ಟಿಲ್ಲ ಅಂದಳು," ಎಂದಳು ಚಿಕ್ಕಮ್ಮ.

"ಯಾರು?"

"ಹಗ್ಗದವಳು. ಅವನ ಮುಖ ನೋಡಿ, ಇಷ್ಟು ಹಗ್ಗದಲ್ಲಿ ಒಂದೂ ಸರಿಯಾಗಿ ಕಟ್ಟಿಲ್ಲ ನೀವು ಅಂದಳು. ಅಂದು, ಬೇಲಿಯಿಂದ ಶುರುಮಾಡಿ ಎಲ್ಲ ಬಿಚ್ಚಿ ಕಟ್ಟೋಕೆ ಕೂತಳು. ಸಂಜೆ ಆದ್ರೂ ಬಾವಿ ತನಕ ಬಂದಿರಲಿಲ್ಲ. ಮುಂದಿನ ತಿಂಗಳು ಮದುವೆ. ಅದಕ್ಕೇ ಈಗ ಹಲ್ಲು ಸರಿಮಾಡಿಸ್ಕೊಳ್ತಿದ್ದಾನೆ."

ಸಾಹೇಬರು ಮೊದಲು ಮೂಗಿನಲ್ಲಿ ನಕ್ಕರು. ಆಮೇಲೆ ರಟ್ಟಿನ ಹಿಂದೆ ಮುಖ ಅಡಗಿಸಿ ನಕ್ಕರು. ಆಮೇಲೆ ಯಾವ ಬಿಗಿಯೂ ಉಳಿಯಲಿಲ್ಲ. ಅಂಗಳದಲ್ಲಿ ಕಾಯುತ್ತಿದ್ದ ಅಜ್ಜಿ, ದರ್ಜಿ, ಹಾಲಿನವ ಕಿಟಕಿಗೆ ಬಂದು ಇಣುಕಿದಾಗ ಚಿಕ್ಕಮ್ಮ ಅಳುತ್ತಿದ್ದಳು, ಸಾಹೇಬರು ನಗುತ್ತಿದ್ದರು, ಅಥವಾ ಅದರ ತಿರುವುಮುರುವು, ಯಾರಿಗೂ ಖಚಿತವಾಗಿ ಹೇಳಲಾಗಲಿಲ್ಲ.

"ಪಾಸೋ ಫೇಲೋ ಮಗ?" ಎಂದಳು ಅಜ್ಜಿ.

ಸಾಹೇಬರು ಕೊನೆಯ ಚೌಕಕ್ಕೆ ಟಿಕ್ ಹಾಕಿ, ಸಹಿ ಮಾಡಿ, ಕಾಗದ ಹರಿದು ಚಿಕ್ಕಮ್ಮನ ಕೈಗೆ ಕೊಟ್ಟರು. "ಎಲ್ ಬೋರ್ಡು ತೆಗೀರಿ," ಎಂದರು. ಇಳಿದು ಹೋಗುವಾಗ ಅವರು ಬಾಗಿಲನ್ನು ತಾವೇ ಎಳೆದು ಮುಚ್ಚಿದರು. ಮೂರೇ ನಿಲುಗಡೆಯಲ್ಲಿ ಅವರಿಗೆ ಅದರ ಹದ ಸಿಕ್ಕಿತ್ತು.

ಎಲ್ಲರೂ ಹತ್ತಿದರು. ಎಲ್ಲರೂ ಸರೀರಿ ಎಂದರು. ನೇರ ರಸ್ತೆಯಲ್ಲಿ ವ್ಯಾನಣ್ಣ ಬಿಟ್ಟ ಜಾಗದಲ್ಲೇ ನಿಂತಿದ್ದ. ವ್ಯಾನು ನಿಂತಾಗ ಅವನು ಹಳೆಯ ಅಭ್ಯಾಸದಂತೆ ನೇರವಾಗಿ ಚಾಲಕರ ಬಾಗಿಲಿಗೆ ಬಂದು ಕೈ ಹಾಕಿದ. ಕೈಗೆ ತಂಗಿಯ ಮೊಣಕೈ ಸಿಕ್ಕಿತು.

"ಅಣ್ಣಾ," ಎಂದಳು ಚಿಕ್ಕಮ್ಮ, "ನೀನು ಆ ಕಡೆ."

ಅವನು ವ್ಯಾನಿನ ಮೂತಿಯನ್ನು ತಡವುತ್ತ ಸುತ್ತಿ ಬಂದು ಮಡಚುವ ಸೀಟಿನಲ್ಲಿ ಕೂತ. ಅವನಿಗೆ ನೋವಾಗಿರಬೇಕು ಎಂದೇ ಎಲ್ಲರ ಎಣಿಕೆ.

"ಅಲ್ಲಿಗೆ ಯಾಕೆ ಹೋಗಿದ್ದೆ ನೀನು?" ಎಂದಳು ಚಿಕ್ಕಮ್ಮ.

"ಈ ವ್ಯಾನಿನ ಸದ್ದು ಹೊರಗಿಂದ ಹೇಗಿರುತ್ತೆ ಅಂತ ನಾನು ಕೇಳಿಯೇ ಇರಲಿಲ್ಲ. ಯಾವಾಗಲೂ ಒಳಗೇ ಇದ್ದವನಲ್ವಾ," ಎಂದ ವ್ಯಾನಣ್ಣ. "ಮೂರನೇ ಗೇರು ಹಾಕಿದ್ಯಲ್ಲ, ಚೂರೂ ಕಿರಿಕಿರಿ ಇಲ್ಲ. ನಾನೂ ಹಾಗೆ ಹಾಕಿಲ್ಲ." ಡಬ್ಬಿಯ ಚೀಲವನ್ನು ಮಡಿಲಿಗೆ ಎಳೆದುಕೊಂಡು ಹಿಂದಿನವರ ಕಡೆ ತಿರುಗಿದ. "ಬಿಟ್ಟುಹೋದ್ಲು ಕಣ್ರೀ. ಅಣ್ಣನನ್ನೇ. ಈ ವ್ಯಾನು ಬಿಟ್ಟುಹೋದ ಮೊದಲನೇ ಮನುಷ್ಯ ನಾನು."

ಅಷ್ಟೇ ಸಾಕಾಯಿತು. ಅಜ್ಜಿ ಬೆಂಡಿನ ಚೀಲದ ಮೇಲೆ ಬಿದ್ದು ನಕ್ಕಳು. ಹಾಲಿನವ ಆಡದ ಬಾಯಿಯ ಒಂದೇ ಬದಿಯಲ್ಲಿ ನಕ್ಕದ್ದಕ್ಕೆ ಬಾಯೊಳಗಿನ ಹತ್ತಿ ಹಾರಿ ದರ್ಜಿಯ ಬೊಂಬೆಗೆ ಬಡಿಯಿತು. ಊರಿನ ದಾರಿಯುದ್ದಕ್ಕೂ ಹತ್ತಿದ ಪ್ರತಿಯೊಬ್ಬರಿಗೂ ವ್ಯಾನಣ್ಣ ಬಾಗಿಲು ತೆರೆದು, ಚೀಲ ಎತ್ತಿಕೊಂಡು, ಅವರು ಕೂರುವ ಮುನ್ನವೇ ಹೇಳಿದ: "ನಿಲ್ಲಿಸಲೇ ಇಲ್ಲ ಗೊತ್ತಾ? ನಾನು ಚೀಲ ಹಿಡ್ಕೊಂಡು ನಿಂತಿದ್ದೀನಿ, ಮೂರನೇ ಗೇರಲ್ಲಿ ಹೋಗೇಬಿಟ್ಲು." ಪ್ರತಿ ಸಲ ಹೇಳುವಾಗಲೂ ಅವನ ದನಿ ಇನ್ನೊಂದಿಷ್ಟು ಏರುತ್ತಿತ್ತು, ಮಗುವಿಗೆ ಮೊದಲ ಹೆಜ್ಜೆ ಬಂತು ಎಂದು ಬೀದಿಗೆಲ್ಲ ಸಾರುವ ತಂದೆಯ ಹಾಗೆ.

ಐದನೆಯವರಿಗೆ ಅವನು ಅದನ್ನು ಹೇಳುತ್ತಿದ್ದಾಗ ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಎರಡೂ ಕಡೆ ಬರೀ ಮರಳು, ಮರಳಿನ ಹುಲ್ಲು, ನೋಟ ಹರಿಯುವಷ್ಟು ದೂರ ಒಂದು ನರಪಿಳ್ಳೆಯಿಲ್ಲ. ಚೀಲ ಹಿಡಿದವರು ಯಾರೂ ಇಲ್ಲದ ಆ ಜಾಗದಲ್ಲಿ ಅವಳು ವ್ಯಾನನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕಳು.

"ಯಾರಿದ್ದಾರೆ?" ಎಂದು ವ್ಯಾನಣ್ಣ ಬಾಗಿಲು ತೆರೆದು ಹೊರಗೆ ಕತ್ತು ಹಾಕಿದ. "ಬೇಗ ಹತ್ತಿ, ಜಾಗ ಇದೆ."